ಹನ್ನೊಂದು ಅಡಿ ಹೂಳಿನ ಕೆಳಗಿರುವ ಅಂಬಣ್ಣನಿಗೆ

ಮೀನಿಲ್ಲದ ನೂರಾ ಹನ್ನೊಂದನೆಯ ವರ್ಷ,
ಹದಿಮೂರನೆಯ ತಿಂಗಳು, ಬಾಯ್ಬಿಡುವ ಪಕ್ಷದ ನಾಲ್ಕನೆಯ ಬೆಳಗು,
ಎಳ್ಳಾಳ ಕೆರೆಯ ಮೇಲ್ದಂಡೆ

ಅಂಬಣ್ಣನಿಗೆ,

ಈ ತಾರೀಕು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ನಮ್ಮ ಕೆರೆಯ ಕೊನೆಯ ಮೀನು ಸತ್ತ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಬೇಸಿಗೆಯ ತುದಿಯಲ್ಲಿ ಕೆರೆಯ ನೀರಿಗೆ ಯಾರೂ ಇಳಿಯಬಾರದ ಒಂದು ತಿಂಗಳು ಬರುತ್ತದೆ, ಅದು ಹದಿಮೂರನೆಯದು. ನಾನು ನಿನ್ನ ವಂಶದ ಆರನೆಯ ತಲೆ, ಹೆಸರು ಹುಲಿಗೆವ್ವ. ನಿನ್ನನ್ನು ಅಜ್ಜ ಎನ್ನಲು ಬಾಯಿ ಬರುವುದಿಲ್ಲ. ನಾನು ಶಾಲೆಗೆ ಹೋದದ್ದು ಮೂರೇ ವರ್ಷ, ಅದೂ ತುಂಡು ತುಂಡಾಗಿ. ಶಾಲೆ ಕೆರೆಯ ಏರಿಯ ಕೆಳಗಿತ್ತು. ನೀರಿನ ಮೇಲೆ ಹಸಿರು ಕೆನೆ ಕಟ್ಟಿ ನಾರತೊಡಗಿದಾಗಲೆಲ್ಲ ಮಕ್ಕಳಿಗೆ ವಾಂತಿ ಶುರುವಾಗುತ್ತಿತ್ತು, ಬಾಗಿಲು ಹಾಕುತ್ತಿದ್ದರು. ನಾಲ್ಕನೆಯ ವರ್ಷ ತೆರೆಯಲೇ ಇಲ್ಲ. ಹಾಗಾಗಿ ಮಾತು ವಿಚಿತ್ರವಾಗಿದ್ದರೆ, ಅಕ್ಷರ ತಪ್ಪಿದ್ದರೆ ಕ್ಷಮಿಸು ಎಂದು ಬರೆಯಹೊರಟಿದ್ದೆ. ಬರೆಯುವುದಿಲ್ಲ. ತಪ್ಪಿದ ಅಕ್ಷರಗಳೂ ನಿನ್ನವೇ, ಇಟ್ಟುಕೋ.

ಪತ್ರ ನಿನಗೆ ಹೇಗೆ ಮುಟ್ಟುತ್ತದೆ ಎಂದು ಕೇಳುತ್ತೀಯೇನೋ. ಕೆರೆಯ ಈಶಾನ್ಯ ಮೂಲೆಯಲ್ಲಿ ಹೂಳೆತ್ತದೆ ಬಿಟ್ಟ ಒಂದು ತುಂಡು ಇದೆ. ಅಲ್ಲಿ ಕೆಸರು ವರ್ಷವರ್ಷದ ಪದರಾಗಿ ಕೂತಿದೆ, ಕೆಳಗೆ ಇಳಿದಷ್ಟೂ ಹಿಂದಿನ ಕಾಲ. ನಿನ್ನ ಪದರು ಹನ್ನೊಂದು ಅಡಿ ಕೆಳಗೆ, ಡಾಂಬರಿನಂತೆ ಕಪ್ಪಗೆ. ಸತ್ತವರಿಗೆ ಹೇಳುವುದಿದ್ದರೆ ನಾವು ಬರೆದು, ಮಣ್ಣಿನ ಗಿಂಡಿಯಲ್ಲಿಟ್ಟು, ಬಾಯಿಗೆ ಮೇಣ ಬಳಿದು, ಉದ್ದನೆಯ ಗಳದಿಂದ ಅವರು ಬದುಕಿದ್ದ ಕಾಲದ ಪದರಿನವರೆಗೆ ತಳ್ಳುತ್ತೇವೆ. ಇದನ್ನು ಹೂಳೋಲೆ ಎನ್ನುತ್ತೇವೆ. ಅದು ಹೋಗಿ ಮುಟ್ಟುತ್ತದೋ ಇಲ್ಲವೋ ಎಂಬ ಚಿಂತೆ ನನಗಿದೆ. ಗಿಂಡಿ ಒಡೆದರೆ? ಮೇಣ ಸಾಲದಿದ್ದರೆ? ಒಂದು ಅಡಿ ಹೆಚ್ಚು ಕಮ್ಮಿಯಾಗಿ ನಿನ್ನ ಅಪ್ಪನ ಕೈಗೆ ಸಿಕ್ಕರೆ? ಪಾಪ, ಅವನೇನೂ ಮಾಡಿದವನಲ್ಲ. ಅದಕ್ಕೇ ಮೂರು ಪ್ರತಿ ಬರೆಯುತ್ತಿದ್ದೇನೆ.

ನಾವು ಮೀನು ಸಾಕುವ ಬಗೆ ಹೇಳುತ್ತೇನೆ, ಕೇಳು. ಮೀನಿಗೆ ಊಟವನ್ನು ನೀರಿಗೆ ಎಸೆಯುವುದಿಲ್ಲ. ಬಿದಿರಿನ ತಟ್ಟೆಯಲ್ಲಿಟ್ಟು ಇಳಿಬಿಡುತ್ತೇವೆ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡುತ್ತೇವೆ. ಒಂದು ಹಿಡಿ ಉಳಿದಿದ್ದರೂ ಮರುದಿನ ಊಟ ಇಲ್ಲ. ಉಳಿದದ್ದು ಕೊಳೆತು ಪಾಚಿಗೆ ಊಟವಾಗುತ್ತದೆ. ಪಾಚಿ ಹಗಲು ಉಸಿರು ಕೊಟ್ಟಂತೆ ಮಾಡಿ, ಕತ್ತಲಾದ ಮೇಲೆ ಇದ್ದಬದ್ದದ್ದನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಹೊಂಡದ ನೀರು ನೇರವಾಗಿ ಕೆರೆಗೆ ಹೋಗುವಂತಿಲ್ಲ. ಮೊದಲು ಒಂದು ಬಸಿಗುಂಡಿ, ಅಲ್ಲಿ ಗಸಿ ತಳಕ್ಕೆ ಇಳಿಯಬೇಕು. ಆಮೇಲೆ ಜಂಬುಹುಲ್ಲಿನ ಮಡು, ಅಲ್ಲಿ ಬೇರುಗಳು ಗೊಬ್ಬರದ ಸಾರ ಹೀರಬೇಕು. ಅದಾದ ಮೇಲೆ ಭತ್ತದ ಗದ್ದೆ, ಕೊನೆಗೆ ಕೆರೆ. ತಳದ ಕೆಸರನ್ನು ಒಣಗಿಸಿ ಜೋಳದ ಹೊಲಕ್ಕೆ ಹೊರುತ್ತೇವೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಕೆಳಗೊಡ. ಮೀನು ಸಾಕುವ ಮನೆಯವರು ಅಡುಗೆಗೆ, ಕುಡಿಯುವುದಕ್ಕೆ ಬೇರೆ ಎಲ್ಲಿಂದಲೂ ನೀರು ತರುವಂತಿಲ್ಲ. ತಮ್ಮ ಹೊಂಡದ ನೀರು ಕೊನೆಗೆ ಬೀಳುವ ಜಾಗದಿಂದ ಐವತ್ತು ಹೆಜ್ಜೆ ಕೆಳಗೇ ಅವರ ಕೊಡ ತುಂಬಬೇಕು. ಕುದಿಸಿಕೊಳ್ಳಲಿ, ಸೋಸಿಕೊಳ್ಳಲಿ, ಆದರೆ ಅದೇ ನೀರು. ಈ ಕಟ್ಟಳೆ ಬಂದ ಮೇಲೆ ಯಾರಿಗೂ ಕಾವಲು ಬೇಕಾಗಿಲ್ಲ.

ಇಷ್ಟು ಜಾಗ್ರತೆ ಮಾಡಿದರೂ ನಮ್ಮ ಕೆರೆಯೊಳಗೆ ಮೀನು ಬದುಕುವುದಿಲ್ಲ. ನೀನು ನಿನ್ನ ಮೀನಿನ ಹೊಂಡಕ್ಕೆ ಸುರಿದ ಕೋಳಿಗೊಬ್ಬರದ, ಸರಕಾರಿ ಗೊಬ್ಬರದ ರಂಜಕ ತಳದ ಕೆಸರಿನಲ್ಲಿ ಕೂತಿದೆ. ಪ್ರತಿ ಬೇಸಿಗೆ ತಳದಲ್ಲಿ ಉಸಿರು ಮುಗಿದಾಗ ಅದು ಎದ್ದು ಮೇಲೆ ಬರುತ್ತದೆ, ಹಸಿರು ಕೆನೆ ಕಟ್ಟುತ್ತದೆ, ಮತ್ತೆ ಕೊಳೆಯುತ್ತದೆ. ನೀನು ಸತ್ತು ಎಷ್ಟೋ ಕಾಲವಾದರೂ ನಿನ್ನ ಗೊಬ್ಬರ ಇನ್ನೂ ಕೆಲಸ ಮಾಡುತ್ತಿದೆ. ಆ ಕಪ್ಪು ಕೆಸರಿಗೆ ನಮ್ಮೂರಲ್ಲಿ ಅಂಬಣ್ಣ ಎಂದೇ ಹೆಸರು. 'ಕಾಲಿಗೆ ಅಂಬಣ್ಣ ಮೆತ್ತ್ಯಾನ, ತೊಳ್ಕೊಂಡು ಒಳಗ ಬಾ' ಎನ್ನುತ್ತಾರೆ ಮಕ್ಕಳಿಗೆ. ನನ್ನ ಮಗಳು ದ್ಯಾಮಿ ಚಿಕ್ಕವಳಿದ್ದಾಗ, ಅಂಬಣ್ಣ ಎಂಬ ಮನುಷ್ಯನೂ ಇದ್ದ ಎಂದು ಹೇಳಿದರೆ ನಂಬಿರಲಿಲ್ಲ.

ನಿನ್ನ ಮುಖ ನಮಗೆಲ್ಲ ಗೊತ್ತು. ನೀವೆಲ್ಲ ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡದ್ದು ಇಂದಿಗೂ ಉಳಿದಿದೆ, ನೆನಪಿನ ಉಗ್ರಾಣದಲ್ಲಿ ಕೇಳಿದರೆ ತೆಗೆದುಕೊಡುತ್ತಾರೆ. ಮೊದಲನೆಯ ವಿಡಿಯೋವನ್ನು ಊರಿನ ಎಲ್ಲ ಮಕ್ಕಳಿಗೂ ತೋರಿಸುತ್ತಾರೆ. ಸೂರ್ಯ ಹುಟ್ಟುವ ಹೊತ್ತು, ನಿನ್ನ ನಾಲ್ಕು ಎಕರೆ ಹೊಂಡ, ನೀರು ಪಾಲಕ್ ಸೊಪ್ಪು ಅರೆದಂತೆ ಹಸಿರು. ಸಾವಿರಾರು ಕಾಟ್ಲಾ, ರೋಹು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ನೀನು ಪುಟ್ಟಿ ಹಿಡಿದು ನಗುತ್ತಿದ್ದೀಯ.

'ನೋಡ್ರಿಪಾ, ನನ್ನ ಮೀನು ನನ್ನ ಗುರ್ತಾ ಹಿಡಿತಾವ! ಹಸಿದಾವ ನನ್ನ ಮಕ್ಕಳು, ತಡೀರಿ, ತಡೀರಿ.'

ಎಂದು ಶೇಂಗಾ ಹಿಂಡಿ, ತವುಡು ಪುಟ್ಟಿಗಟ್ಟಲೆ ಎರಚಿದೆ. ಅವು ಉಸಿರು ಸಿಗದೆ ಬಾಯಿ ಬಿಡುತ್ತಿದ್ದವು. ಉಸಿರು ಕಟ್ಟಿದವರ ಬಾಯಿಗೆ ನೀನು ಅನ್ನ ತುರುಕಿದೆ. ಬಾಯ್ಬಿಡುವ ಪಕ್ಷ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಇದನ್ನು ನೋಡಿ ಮಕ್ಕಳು ನಗುತ್ತಾರೆ, ದೊಡ್ಡವರು 'ಪಾಪ, ಅಂವಗೇನು ಗೊತ್ತು' ಎನ್ನುತ್ತಾರೆ.

ಆ 'ಪಾಪ' ಎಂಬ ಮಾತೇ ಈ ವರ್ಷ ನನ್ನ ನಿದ್ದೆ ಕೆಡಿಸಿದ್ದು. ನೀರು ಕೆಡಿಸಿದವನ ವಂಶಕ್ಕೆ ಏಳು ತಲೆಯವರೆಗೆ ಮೀನಿನ ಹೊಂಡ ಇಲ್ಲ, ಇದು ನಮ್ಮ ಕಟ್ಟಳೆ. ನಾನು ಆರು, ದ್ಯಾಮಿ ಏಳು. ಅವಳಿಗೆ ಮೀನೆಂದರೆ ಜೀವ. ಬೇರೆಯವರ ಹೊಂಡದ ನೀರನ್ನು ಮೂಸಿಯೇ 'ನಾಳೆ ಊಟ ಬಿಡಿಸ್ರಿ' ಎಂದು ಹೇಳಬಲ್ಲಳು, ಸ್ವಂತಕ್ಕೆ ಒಂದು ಗುಂಡಿ ಇಲ್ಲ. ಆದರೆ ತಿಳಿಯದೆ ಕೆಡಿಸಿದವರ ಮಕ್ಕಳಿಗೆ ಆರನೆಯ ತಲೆಗೇ ಮಾಫಿ ಕೇಳಲು ಬರುತ್ತದೆ. ಊರಿನ ಕಟ್ಟಳೆ ನೋಡುವ ಒಂಬತ್ತು ಮನೆಯವರ ಮುಂದೆ ನಿಂತು 'ನಮ್ಮವನಿಗೆ ಗೊತ್ತಿರಲಿಲ್ಲ' ಎಂದು ನೀರು ಮುಟ್ಟಿ ಹೇಳಿದರೆ ಸಾಕು, ಮಗಳಿಗೆ ಹೊಂಡ ಸಿಗುತ್ತದೆ.

ಹೇಳಿ ಬಂದುಬಿಡೋಣ ಎಂದೇ ಇದ್ದೆ. ಆದರೆ ನನಗೆ ಯಾವುದನ್ನೂ ಎರಡು ಸಲ ನೋಡದೆ ಸಮಾಧಾನ ಇಲ್ಲ. ನೀರು ಮುಟ್ಟಿ ಹೇಳುವ ಮಾತು, ಸುಳ್ಳಾದರೆ? ಉಗ್ರಾಣಕ್ಕೆ ಹೋಗಿ ನಿನ್ನ ಹೆಸರಿನದು ಇನ್ನೇನಾದರೂ ಇದೆಯೇ ಎಂದು ಕೇಳಿದೆ. ಇತ್ತು. ನಿನ್ನ ಭಾವಮೈದ ತೆಗೆದದ್ದು, ನೀನೇ ಗುಂಪಿಗೆ ಕಳಿಸಿದ್ದು, ಕೆಳಗೆ ಮೂರು ನಗುವ ಮುಖ. ನಿನ್ನ ಹೊಂಡದ ಕೊಳವೆಯಿಂದ ಕಪ್ಪು ನೀರು ಕೆರೆಗೆ ಬೀಳುತ್ತಿದೆ. ಕೆಳಗಿನ ಕೇರಿಯ ಹುಸೇನವ್ವ ಕೊಡ ಹಿಡಿದು ನಿಂತಿದ್ದಾಳೆ.

'ಅಂಬಣ್ಣ, ನೀರು ನಾರಾಕತ್ತೈತಪ್ಪಾ. ಎಮ್ಮಿ ಸುದ್ದಾ ಮೂಸಿ ಹೊಳ್ಳಿ ಬರ್ತಾವ. ಒಂದು ಗುಂಡಿ ತೋಡಿ, ಅಲ್ಲಿ ನಿಲ್ಲಿಸಿ ಆಮ್ಯಾಲ ಬಿಡು.'

'ಗೊತ್ತೈತಬೇ. ಮೀನಿನ ಆಫೀಸಿನವರೂ ಅದನ್ನ ಹೇಳ್ಯಾರ. ಗುಂಡಿ ತೋಡಿದ್ರ ಅರ್ಧ ಎಕರೆ ಹೋಗ್ತೈತಿ, ನೀ ಕೊಡ್ತೀ ಏನು?'

'ಕೆಳಗ ಮಂದಿ ಕುಡಿತಾರೋ.'

'ನಾ ಕುಡಿಯೋದು ಕಾಲುವಿ ನೀರು. ಕೆಳಗಿನ ಮಂದಿಗೆ ಮೂಗೈತಲ್ಲ, ಮುಚ್ಚಿಕೊಂಡು ಕುಡೀಲಿ!'

ನಗು. ನಿನ್ನದು, ನಿನ್ನ ಭಾವಮೈದನದು.

ಹನ್ನೆರಡು ದಿನ, ಉಗ್ರಾಣದವರು ಕೊಟ್ಟ ಆ ವಿಡಿಯೋದ ಬಿಲ್ಲೆಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ತಿರುಗಿದೆ. ಯಾರಿಗೂ ಗೊತ್ತಿಲ್ಲ, ಇರುವುದು ಅದೊಂದೇ ಪ್ರತಿ, ಒಲೆಗೆ ಹಾಕಿದರೆ ಮುಗಿಯಿತು. ಕೊನೆಗೆ ದ್ಯಾಮಿಗೆ ತೋರಿಸಿದೆ. ಅವಳು ಪೂರ್ತಿ ನೋಡಿದಳು, ಕೈ ಒರೆಸಿಕೊಂಡಳು.

'ಯವ್ವಾ, ಇಂವನ ಹೆಸರಿನ್ಯಾಗ ಮಾಫಿ ಇಸ್ಕೊಂಡು ನಾ ಮೀನು ಸಾಕಲೇನು? ಆ ಮೀನಿನ ಮಾರಿ ಹೆಂಗ ನೋಡ್ಲಿ? ತೋರಿಸು. ಎಲ್ಲಾರಿಗೂ ತೋರಿಸು.'

'ನಿನ್ನ ಜೀವಮಾನ ಹೋಗ್ತೈತಲ್ಲೇ.'

'ಹೋಗ್ಲಿ. ಅಂವನ ಹೆಸರೂ ಹೋಗ್ಲಿ.'

ನಿನ್ನೆ ಒಂಬತ್ತು ಮನೆಯವರು ಏರಿಯ ಮೇಲೆ ಕೂತರು. ಹಿರಿಯಳು ಮಾಬಮ್ಮ, ಆ ಹುಸೇನವ್ವನ ವಂಶದವಳು. ನನ್ನ ಮುಂದೆ ನೀರಿನ ತಂಬಿಗೆ ಇಟ್ಟು ಅವಳೇ ಮೆತ್ತಗೆ ಅಂದಳು, 'ಅಂವಗ ಗೊತ್ತಿರಲಿಲ್ಲ ಅನ್ನೋದು ಒಂದು ಮಾತು ಹೇಳವ್ವಾ ಹುಲಿಗೆವ್ವ, ಸಾಕು. ಹುಡುಗಿ ಹೊಂಡ ತೋಡ್ಲಿ.' ನಾನು ತಂಬಿಗೆಯನ್ನು ಪಕ್ಕಕ್ಕೆ ಸರಿಸಿದೆ. ಗಂಟು ಬಿಚ್ಚಿ ವಿಡಿಯೋ ತೋರಿಸಿದೆ.

ಮುಗಿದ ಮೇಲೆ ಮಾಬಮ್ಮ, 'ನಮ್ಮಜ್ಜಿ ದನಿ ಹಿಂಗಿತ್ತೇನು' ಎಂದಳು. ಇನ್ನೊಮ್ಮೆ ಹಾಕು ಎಂದಳು. ಮೂರು ಸಲ ಹಾಕಿದೆ. ಮೂರನೆಯ ಸಲ ನಿನ್ನ ಮಾತು ಬಂದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕಟ್ಟಳೆಯಂತೆ ತೀರ್ಪು ಹೇಳಿದಳು: ಏಳನೆಯ ತಲೆ ಮುಗಿಯುವವರೆಗೆ ಹೊಂಡ ಇಲ್ಲ. ದ್ಯಾಮಿ ತಲೆಬಾಗಿ ಒಪ್ಪಿಕೊಂಡಳು. ಮನೆಗೆ ಬರುವ ದಾರಿಯಲ್ಲಿ ಮಾತ್ರ, ಬೇರೆಯವರ ಹೊಂಡದ ಹತ್ತಿರ ನಿಂತು ಮೀನು ನೋಡಿದಳು. ಅದನ್ನು ನಾನು ಕಂಡೆ. ಆ ನೋಟಕ್ಕೆ ನೀನು ಏನು ಕೊಡುತ್ತೀಯ?

ನಮ್ಮಲ್ಲಿ ಎರಡು ಕಲ್ಲುಗಳಿವೆ. ತಿಳಿಯದೆ ಕೆಡಿಸಿದವರದು ಒಂದು, ತಿಳಿದೂ ಕೆಡಿಸಿದವರದು ಇನ್ನೊಂದು. ಮೊದಲನೆಯ ಕಲ್ಲಿನಿಂದ ನಿನ್ನ ಹೆಸರನ್ನು ನಾನೇ ಉಳಿ ಹಿಡಿದು ಕೆತ್ತಿ ತೆಗೆದೆ, ಎರಡನೆಯದರ ಮೇಲೆ ನಾನೇ ಕೊರೆದೆ. ಅಕ್ಷರ ಸೊಟ್ಟಗಿದೆ, ಆಳವಾಗಿದೆ. ಸತ್ತವನಿಗೆ ಹೊಡೆಯಲು ಬರುವುದಿಲ್ಲ, ಕಸಿದುಕೊಳ್ಳಲು ನಿನ್ನ ಹತ್ತಿರ ಉಳಿದಿದ್ದದ್ದು 'ಪಾಪ, ಗೊತ್ತಿರಲಿಲ್ಲ' ಎಂಬ ಒಂದೇ ಮಾತು. ಅದನ್ನು ಕಸಿದುಕೊಂಡೆ. ಇನ್ನು ಮಕ್ಕಳಿಗೆ ಎರಡನೆಯ ವಿಡಿಯೋ ತೋರಿಸುತ್ತಾರೆ. ಅವರು ನಗುವುದಿಲ್ಲ.

ಈ ಓಲೆ ಸರಿಯಾದ ಪದರಿಗೆ ಬಂದಿದ್ದರೆ ನಿನ್ನ ಕೊಳವೆಯಿಂದ ಈಗಲೂ ನೀರು ಬೀಳುತ್ತಿರಬೇಕು, ಗುದ್ದಲಿ ಹೊಂಡದ ದಂಡೆಯಲ್ಲೇ ಇರಬೇಕು. ಕೊಳವೆ ಮುಚ್ಚು. ಅರ್ಧ ಎಕರೆ ತೋಡು. ತೋಡಿದರೆ ನಾನು ಕೊರೆದದ್ದು ಕಲ್ಲಿನಿಂದ ಮಾಯವಾಗುತ್ತದೋ ಏನೋ, ನನಗೆ ತಿಳಿಯದು, ಮಾಯವಾದರೆ ಅಳುವುದಿಲ್ಲ. ತೋಡದಿದ್ದರೆ, ಕೇಳು ಅಂಬಣ್ಣ: ನೀನು ಈ ಸಾಲಿನವರೆಗೆ ಓದಿದ್ದೀಯ. ಇನ್ನು ನಿನ್ನ ಪರವಾಗಿ ಯಾರೂ, ಯಾವ ಕಾಲದಲ್ಲೂ, 'ಗೊತ್ತಿರಲಿಲ್ಲ' ಎಂದು ನೀರು ಮುಟ್ಟಿ ಸುಳ್ಳು ಹೇಳಲು ಬರುವುದಿಲ್ಲ.

ಹುಲಿಗೆವ್ವ