ಹಡಗು ಹತ್ತಿದ ನಿಲುವಂಗಿ

ರೀ,

ಹೊರದೇಶದ ಬಡವರಿಗೆಂದು ಕಟ್ಟಿಟ್ಟ ಹಳೇಬಟ್ಟೆ ಮೂಟೆ ಇನ್ನೂ ಬಾಗಿಲ ಹಿಂದೆಯೇ ಇದೆ. ನೀವು ಚರ್ಚ್ ವ್ಯಾನಿಗೆ ಹಾಕಿ ಪುಣ್ಯ ಕಟ್ಟಿಕೊಂಡಿದ್ದು, ಹೊಸ ಫಾದರ್ ನನಗೆ ಇಸ್ತ್ರಿಗೆ ಕೊಟ್ಟಿದ್ದ ಬಿಳಿ ನಿಲುವಂಗಿಯ ಗಂಟನ್ನು. ಅದು ಆಗಲೇ ಹಡಗು ಹತ್ತಿದೆ. ಹಳೇ ಫಾದರ್ ಕುಳ್ಳರು, ಅವರ ನಿಲುವಂಗಿ ಹೊಸಬರ ಮಂಡಿ ದಾಟುವುದಿಲ್ಲ. ಅದಕ್ಕೇ ನಮ್ಮ ಕೋಣೆಯ ಕಿಟಕಿಗೆ ಹೋದ ತಿಂಗಳಷ್ಟೇ ಹಾಕಿದ ಬಿಳಿ ಪರದೆಯನ್ನು ನಿಲುವಂಗಿಯಾಗಿ ಹೊಲಿದು ಒಯ್ಯುತ್ತಿದ್ದೇನೆ.

ಸ್ನಾನ ಮಾಡಿ ಬಚ್ಚಲಲ್ಲೇ ಬಟ್ಟೆ ಹಾಕಿಕೊಳ್ಳಿ. ಎದುರುಮನೆ ಅಜ್ಜಿಗೆ ಮೊದಲೇ ಎದೆ ಸರಿಯಿಲ್ಲ. ಟೀ ಫ್ಲಾಸ್ಕಿನಲ್ಲಿದೆ, ಸಿಟ್ಟಿನಲ್ಲಿ ಸಕ್ಕರೆ ಹಾಕಿಲ್ಲ.

ಇವತ್ತು ಹೊಸ ಫಾದರ್ ಸ್ವಾಗತದ ಪೂಜೆಗೆ ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಫಾದರ್ ಕೈಯೆತ್ತಿ ಆಶೀರ್ವದಿಸುವಾಗ ಕಂಕುಳ ಹತ್ತಿರ ಒಂದು ಸುಟ್ಟ ತೂತು ಕಾಣುತ್ತದೆ. ಸಿಗರೇಟು ಬಿಟ್ಟು ವರ್ಷವಾಯಿತು ಅಂತ ನನಗೆ ಹೇಳಿದ್ದಿರಲ್ಲ, ಅದನ್ನು ಆ ತೂತು ನೋಡುತ್ತಾ ದೇವರಿಗೂ ಒಮ್ಮೆ ಹೇಳಿ.