ಅಮ್ಮನ ಬದಲು ಕೂಗಿದ್ದು

ಮಂಗಳವಾರ, ನವೆಂಬರ್ ೧೮, ೨೦೨೫

ಜಲಜಕ್ಕನ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಅಮ್ಮನ ಎದೆಯ ಗಡ್ಡೆಗೆ ಕೊಟ್ಟ ರೇಡಿಯೇಷನ್ ಹೋದ ವರ್ಷವೇ ಮುಗಿದಿತ್ತು. ಆಮೇಲೆ ಶುರುವಾದ ಕೆಮ್ಮನ್ನು ಮೀನಿನ ಐಸಿನ ಥಂಡಿ ಎಂದುಕೊಂಡು ಕಷಾಯ ಕುಡಿಸುತ್ತಾ ಕುಳಿತೆವು. ರೇಡಿಯೇಷನ್ ತಾಗಿದ ಕಡೆ ಶ್ವಾಸಕೋಶ ಮೊದಲು ಬಾತು, ಈಗ ಹಳೆಯ ಗಾಯದ ಕಲೆಯಂತೆ ಗಟ್ಟಿಯಾಗಿದೆಯಂತೆ. ಇನ್ನು ಮೆತ್ತಗಾಗುವುದಿಲ್ಲ ಎಂದರು ಕುಂದಾಪುರದ ಡಾಕ್ಟರು.

ಇವತ್ತು ಕೋಟದ ಮನೆಗಳಿಗೆ ಮೀನು ಮಾರಲು ಅಮ್ಮನ ಜೊತೆಗೆ ಹೋಗಿದ್ದೆ. ಅಮ್ಮನಿಗೆ ಉಸಿರು ಸಾಲದೆ ನಾನೇ ಕೂಗಿದೆ: “ಹ್ವಾಯ್, ಬಂಗ್ಡಿ ಬೇಕಾ?”

ಅಮ್ಮನನ್ನು ಬಾಗಿ ಎಂದೇ ಕರೆಯುವ ಖಾಯಂ ಗಿರಾಕಿ ಜಲಜಕ್ಕ, ಬೇರೆ ದನಿ ಕೇಳಿ ಓಡಿ ಬಂದರು. “ಅಯ್ಯೋ ಹೆಣೆ, ಬಾಗಿ ತೀರ್ಕಂಡ್ಲಾ?”

ಗೇಟಿನ ಕಂಬಕ್ಕೆ ಒರಗಿದ್ದ ಅಮ್ಮ ಬಾಯಿ ತೆರೆದಳು. ಬರೀ ಕೆಮ್ಮು ಬಂತು. ಇಲ್ಲೇ ಇದ್ದೇನೆ ಎಂದು ಕೈಯೆತ್ತಿ ತೋರಿಸಿದಳು.

ನಾಳೆ ಕೂಗುವುದಿಲ್ಲ. ಗೇಟು ತಟ್ಟುತ್ತೇನೆ.