ಹಕಾರ ತಪ್ಪಿದ ಪ್ರಸಂಗ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 8

ಉಪ್ಪುನೀರು ಮುಕ್ಕಳಿಸಿದ್ದಾಯಿತು. ಹಬೆ ತೆಗೆದುಕೊಂಡದ್ದಾಯಿತು. ಮಾತಿಲ್ಲದೆ ಮೂರನೇ ದಿನ. ಬಾಯಿಗೆ ಬೀಗ ಬಿದ್ದ ಮೇಲೆ ಕೈ ಸುಮ್ಮನಿರುತ್ತಿಲ್ಲ. ಅದಕ್ಕೇ ಈ ಡೈರಿ.

ಡಾಕ್ಟರು ಗಂಟಲೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು. ಧ್ವನಿ ಹುಟ್ಟುವ ಜಾಗದಲ್ಲಿ ಎರಡು ಗಂಟು. ಆರು ವಾರ ಪಿಸುಮಾತೂ ಕೂಡದು. ಕರಗದಿದ್ದರೆ ಆಪರೇಷನ್. ಆಮೇಲೆ ಧ್ವನಿ ಬಂದರೆ ಬಂತು... ಮಿಷನ್ ಆಫೀಸಿನಿಂದ ಕಾಗದವೂ ಬಂದಿದೆ — ಚರ್ಚಿನಲ್ಲಿ ನಿಂತು ಪ್ರಸಂಗ ಮಾಡಲಾಗದಿದ್ದರೆ ಊರಿಗೆ ಮರಳುವುದು ಒಳ್ಳೆಯದಂತೆ. ಮೈಕಿಲ್ಲದೆ ಮೂರು ಬೀದಿ ಎಬ್ಬಿಸಿದ ಗಂಟಲು ಇದು! ಹನ್ನೊಂದು ವರ್ಷದಲ್ಲಿ ಈ ದೇಶದ ಭಾಷೆಯನ್ನು ಇಲ್ಲಿ ಹುಟ್ಟಿದವರಿಗಿಂತ ಚೆನ್ನಾಗಿ ಅರೆದು ಕುಡಿದವನು. ನನ್ನನ್ನು ಕಳಿಸುತ್ತಾರಂತೆ.

ಅಕ್ಕನ ಮಗಳು ಇಲ್ಲೇ ಆಸ್ಪತ್ರೆಯಲ್ಲಿ ನರ್ಸ್. ನನ್ನ ಕೊರಳಿಗೆ ಸ್ಲೇಟು ಕಟ್ಟಿದ್ದಾಳೆ. "ಹನ್ನೊಂದು ವರ್ಷ ಈ ಊರು ನಿಮ್ಮನ್ನ ಸಹಿಸ್ಕೊಂಡಿದೆ ಮಾವ. ಆರು ವಾರ ಅದಕ್ಕೂ ರಜಾ ಕೊಡಿ."

'ಕತ್ತೆ' ಎಂದು ಬರೆದು ತೋರಿಸಿದೆ. "ಕಾಗುಣಿತ ಸರಿಯಾಗಿದೆ" ಎಂದಳು.

ಮಾರ್ಚ್ 8, ಶನಿವಾರ

ನಾಳೆಯ ಪ್ರಸಂಗ ಬರೆದಿಟ್ಟೆ. ಭಾಷೆ ಇಲ್ಲಿಯದು, ಅಕ್ಷರ ಕನ್ನಡದ್ದು. ಕಿವಿಯಿಂದಲೇ ಕಲಿತ ಭಾಷೆ. ಇಲ್ಲಿಯ ಲಿಪಿ ತಿದ್ದಲು ನನಗೆಲ್ಲಿ ಪುರುಸೊತ್ತು? ಹಾಗಾಗಿ ಇದನ್ನು ಓದಬಲ್ಲವಳು ಅಕ್ಕನ ಮಗಳೊಬ್ಬಳೇ. ರಜೆ ಹಾಕಿ ಓದಲು ಒಪ್ಪಿದ್ದಾಳೆ. ಒಂದು ಷರತ್ತು — ಮಾತ್ರೆಗಳನ್ನು ಹೂಕುಂಡದಲ್ಲಿ ಹೂಳುವುದನ್ನು ನಿಲ್ಲಿಸಬೇಕು. ಹೇಗೆ ಗೊತ್ತಾಯಿತೋ!

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಮರ್ಯಾದೆ ಹೋಯಿತು.

ಮುಂದಿನ ಬೆಂಚಿನಲ್ಲೇ ಕುಳಿತಿದ್ದೆ. ದೇವರು ನಮ್ಮನ್ನು ಕಾಯುವ ಕುರುಬ ಎಂದು ಅವಳು ಓದಿದ್ದೇ ತಡ, ಎಲ್ಲರೂ ಮುಖ ಮುಖ ನೋಡಿಕೊಂಡರು. ಹಿಂದಿನ ಬೀದಿಯ ದರ್ಜಿ, ಗಡ್ಡದವನು, ಎದ್ದು ನಿಂತ. "ಸಿಸ್ಟರ್, ಆ ಮಾತು ತಪ್ಪಾಯ್ತು. ನಮ್ಮ ಪಾಸ್ಟರ್ ಹಾಗೆ ಹೇಳೋದಿಲ್ಲ."

"ಮತ್ತೆ ಹೇಗೆ ಹೇಳ್ತಾರೆ?"

ಅವನು ಹೇಳಿದ. ಅವಳು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ಹಾಳೆ ಅಲುಗುತ್ತಿತ್ತು.

ಮನೆಗೆ ಬಂದು, ನಕ್ಕು ಮುಗಿಸಿ, ವಿವರಿಸಿದಳು. ಇಲ್ಲಿಯವರ ಬಾಯಲ್ಲಿ ಆ ಪದ ಹಕಾರದಿಂದ ಶುರುವಾದರೆ ಕುರುಬ. ಹಕಾರ ಬಿಟ್ಟರೆ ಅಡುಗೆಯವನು. ನಾನೋ ಹಾಲು ಎನ್ನಲು ಹೋಗಿ 'ಆಲು' ಎನ್ನುವವನು. ಶಾಲೆಯ ಮೇಷ್ಟ್ರು ಕಿವಿ ಹಿಂಡಿ ಹಿಂಡಿ ಕೈಯಲ್ಲಿ ಬರೆಸಿದರೇ ಹೊರತು ನಾಲಿಗೆಗೆ ಹತ್ತಿಸಲಾಗಲಿಲ್ಲ. ಈ ಪದವನ್ನು ಬಾಯಿಗೆ ಬಂದಂತೆಯೇ ಬರೆದಿದ್ದೇನೆ. ಅವಳು ಹಕಾರ ಸೇರಿಸಿ, ತಿದ್ದಿ ಓದಿದಳಂತೆ.

ಹನ್ನೊಂದು ವರ್ಷ! ದೇವರ ಕೈಗೆ ಸೌಟು ಕೊಟ್ಟು ನಿಲ್ಲಿಸಿದ್ದೇನೆ.

'ಸುಳ್ಳು' ಎಂದು ಬರೆದೆ. "ನಿಮ್ಮಾಣೆ ಮಾವ."

ಮಾರ್ಚ್ 10

ಊಟ ಬೇಡವೆನಿಸಿತು. ಊರಿಗೆ ಬಂದುಬಿಡುತ್ತೇನೆಂದು ಮಿಷನ್ ಆಫೀಸಿಗೆ ಬರೆದು, ಅಂಚೆಗೆ ಹಾಕಲು ಅವಳ ಕೈಗೆ ಕೊಟ್ಟೆ. ಧ್ವನಿಯೂ ಇಲ್ಲ, ಭಾಷೆಯೂ ಇಲ್ಲ. ಇಲ್ಲಿ ಇನ್ನೇನು ಕೆಲಸ.

ಮಾರ್ಚ್ 14, ಶುಕ್ರವಾರ, ಸಂಜೆ

ದರ್ಜಿ ಬಂದಿದ್ದ. ನಾನು ಇಳಿದುಹೋಗಿದ್ದೇನೆಂದು ನನ್ನ ಕೋಟು ಬಿಗಿಮಾಡಿ ಹೊಲಿದು ತಂದಿದ್ದ. 'ನಿನಗೆ ಮೊದಲೇ ಗೊತ್ತಿತ್ತಾ?' — ಸ್ಲೇಟಿನಲ್ಲಿ ಬರೆದೆ, ಅಕ್ಕನ ಮಗಳು ಅವನ ಭಾಷೆಯಲ್ಲಿ ಕೇಳಿದಳು.

"ನೀವು ಬಂದ ಮೊದಲ ವಾರಾನೇ ಗೊತ್ತಾಯ್ತು ಪಾಸ್ಟರೇ. ಹೊಸಬ ತಪ್ಪು ತಪ್ಪಾಗಿ ಮಾತಾಡ್ತಾನಂತೆ, ನಕ್ಕು ಬರೋಣ ಅಂತ ಬಂದೆ. ಹೆಂಡತಿ ತೀರಿಹೋಗಿ ಒಂಬತ್ತು ದಿನ ಆಗಿತ್ತು. ಒಲೆ ಹಚ್ಚಿರಲಿಲ್ಲ. ನೀವು ಏನಂದ್ರಿ? ಯಾರೂ ಇಲ್ಲ ಅಂದ್ಕೋಬೇಡಿ, ನಿಮಗೋಸ್ಕರ ಒಬ್ಬ ಅಡುಗೆಯವನು ಎದ್ದಿದ್ದಾನೆ ಅಂದ್ರಿ. ನಗು ಎಲ್ಲಿ ಹೋಯ್ತೋ. ಮನೆಗೆ ಹೋಗಿ ಒಲೆ ಹಚ್ಚಿದೆ."

'ಹೇಳಲಿಲ್ಲ ಯಾಕೆ?'

"ಹೇಳಿದ್ರೆ ತಿದ್ಕೋತಿದ್ರಿ."

ಗೋಡೆ ಕಡೆ ತಿರುಗಿ ಕುಳಿತೆ. ಅಳಲು ಅಪ್ಪಣೆ ಇದೆಯೋ ಇಲ್ಲವೋ ಡಾಕ್ಟರನ್ನು ಕೇಳಿರಲಿಲ್ಲ.

ಅವನು ಹೋದ ಮೇಲೆ, ಆ ಕಾಗದ ಎಲ್ಲಿ ಎಂದು ಬರೆದೆ. "ಸ್ಟಾಂಪು ಸಿಗಲಿಲ್ಲ ಮಾವ" ಎಂದಳು. ಅಂಚೆ ಕಚೇರಿ ಅವಳ ಆಸ್ಪತ್ರೆಯ ಎದುರಿಗೇ ಇದೆ.

ಏಪ್ರಿಲ್ 12, ಶನಿವಾರ

ಒಂದು ಗಂಟು ಕರಗಿದೆ. ಇನ್ನೊಂದು ಜಗ್ಗಿಲ್ಲ, ನನ್ನ ಹಾಗೆಯೇ. ಮಂಗಳವಾರ ಆಪರೇಷನ್. ಧ್ವನಿ? ಡಾಕ್ಟರು ಹೆಗಲು ತಟ್ಟಿದರು, ಅಷ್ಟೇ.

ಮಿಷನ್ ಆಫೀಸಿಗೆ ಬೇರೆ ಕಾಗದ ಬರೆದೆ. ಈ ಸಲ ನಾನೇ ಹೋಗಿ ಹಾಕಿದೆ. ಧ್ವನಿ ಬಂದರೂ ಬರದಿದ್ದರೂ ಇಲ್ಲೇ ಇರುತ್ತೇನೆ, ಬರೆಯುವ ಕೈ ಗಟ್ಟಿಯಾಗಿದೆ, ಓದುವವನೂ ಸಿಕ್ಕಿದ್ದಾನೆ.

ಅಕ್ಕನ ಮಗಳಿಗೆ ಭಾನುವಾರವೆಲ್ಲ ಡ್ಯೂಟಿ. ನನ್ನ ಪ್ರಸಂಗ ತಾನೇ ಓದುತ್ತೇನೆಂದು ಒಂದು ತಿಂಗಳಿಂದ ದರ್ಜಿ ದಿನಾ ಸಂಜೆ ಬಂದು ಅವಳಿಂದ ಕನ್ನಡ ಅಕ್ಷರ ಕಲಿಯುತ್ತಿದ್ದಾನೆ. ನನ್ನ ಸ್ಲೇಟಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಕನ್ನಡದ ಒಂದು ಮಾತೂ ಅರ್ಥವಾಗದು, ಅಕ್ಷರ ಮಾತ್ರ ನನ್ನದಕ್ಕಿಂತ ದುಂಡಗೆ. ಅದೊಂದನ್ನು ಸಹಿಸಲಾಗುತ್ತಿಲ್ಲ.

ಏಪ್ರಿಲ್ 15, ಮಂಗಳವಾರ, ಬೆಳಿಗ್ಗೆ 7

ಆಸ್ಪತ್ರೆ ಹಾಸಿಗೆ. ಹಸಿರು ಅಂಗಿ, ಹಿಂದೆ ಬರೀ ಲಾಡಿ. ಹೊಲಿಗೆ ನೋಡಿ ದರ್ಜಿ ಮೂಗು ಮುರಿದ. ಈಗ ಪಕ್ಕದಲ್ಲೇ ಕುಳಿತು ಈ ಡೈರಿಯನ್ನೇ ಇಣುಕಿ ಕೂಡಿಸಿ ಕೂಡಿಸಿ ಓದುತ್ತಿದ್ದಾನೆ. "ಆ... ಸ್ಪ... ತ್ರೆ..." ಏನೂ ತಿಳಿಯದು, ಆದರೂ ಬಿಡುತ್ತಿಲ್ಲ. ಯಾರಿಗೂ ತೋರಿಸದ ಪುಸ್ತಕ. ಇರಲಿ.

ಅಕ್ಕನ ಮಗಳು ಗಾಲಿ ಮಂಚ ತರಲು ಹೋಗಿದ್ದಾಳೆ. ಅಷ್ಟರೊಳಗೆ ಅವನ ಭಾಷೆಯಲ್ಲೇ ಅವನಿಗೊಂದು ಮಾತು ಬರೆಯಬೇಕು, ಆ ಪದವನ್ನು ಹಕಾರ ಬಿಟ್ಟೇ. ಅವನೇ ಗಟ್ಟಿಯಾಗಿ ಓದಲಿ, ನನ್ನ ಮಾತು ಒಮ್ಮೆ ನನಗೂ ಕೇಳಲಿ. ಬಂದಳು, ಗಾಲಿಯ ಸದ್ದು... ಇಗೋ ಬರೆಯುತ್ತೇನೆ, ನಿಧಾನವಾಗಿ ಓದು ಗಡ್ಡದವನೇ —